ಬಕೆಟ್ ಹೊತ್ತು ಸರೋವರದ ತಳಕ್ಕೆ

1853-54ರ ಚಳಿಗಾಲದಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಸರೋವರದ ನೀರು ತೀರಾ ಇಳಿಯಿತು. ಓಬರ್‌ಮೈಲೆನ್‌ನ ಜನ ಇದೇ ಸಮಯವೆಂದು ದಂಡೆಯನ್ನು ಮುಂದಕ್ಕೆ ಒತ್ತಲು ಹೊರಟರು. ಅಗೆದಲ್ಲೆಲ್ಲ ಮರದ ಗೂಟ, ಕಲ್ಲಿನ ಕೊಡಲಿ. ಊರಿನ ಶಾಲೆಯ ಮೇಷ್ಟ್ರು ಸುದ್ದಿ ಮುಟ್ಟಿಸಿದರು. ಜ್ಯೂರಿಕ್‌ನ ಪುರಾತತ್ವಜ್ಞ ಫರ್ಡಿನಂಡ್ ಕೆಲ್ಲರ್ ಪರಿಶೀಲಿಸಿ, ಇತಿಹಾಸಪೂರ್ವ ಕಾಲದವರು ನೀರಿನ ಮೇಲೆ ಅಟ್ಟಣೆ ಕಟ್ಟಿ ಬಾಳಿದ ಊರಿದು ಎಂದರು.

ಹೆಸರು ಬಂದದ್ದು ಕೆಲ್ಲರ್‌ಗೆ. ನನ್ನ ಮೆಚ್ಚುಗೆ ಮಾತ್ರ ಅಡೋಲ್ಫ್ ಮೊರ್ಲೊ ಎಂಬ ಭೂವಿಜ್ಞಾನಿಗೆ. ನೀರು ಇಳಿಯಲಿ ಎಂದು ಕಾಯದೆ ತಾನೇ ನೀರಿಗೆ ಇಳಿದವನು ಆತ.

ಜಿನೀವಾ ಸರೋವರದ ದಡದ ಮೋರ್ಜ್ ಊರಿನ ಎದುರು, ದಂಡೆಗೆ ಹತ್ತಿರದ ಕಡಿಮೆ ಆಳದಲ್ಲಿ ಇಂಥವೇ ಗೂಟಗಳು ಕಂಡಿದ್ದವು. 1854ರ ಆಗಸ್ಟಿನಲ್ಲಿ ಮೊರ್ಲೊ ಗಾಜಿನ ಕಿಂಡಿ ಕೂರಿಸಿದ ಬಕೆಟ್ಟನ್ನು ತಲೆಗೆ ಮಗುಚಿಕೊಂಡು ಅಲ್ಲಿ ಮುಳುಗಿದ. ದೋಣಿಯಲ್ಲಿ ಕೂತ ಜೊತೆಗಾರರಾದ ಫ್ರಾನ್ಸ್ವಾ ಫೊರೆಲ್ ಮತ್ತು ಫ್ರೆಡೆರಿಕ್ ಟ್ರೋಯೊನ್ ಕೊಳವೆಯಲ್ಲಿ ಗಾಳಿ ಒತ್ತುತ್ತಿದ್ದರು. ಬಕೆಟ್ಟಿನ ಬಾಯಿ ಕೆಳಗೆ ತೆರೆದೇ ಇತ್ತು. ಒಳಗಿನ ಗಾಳಿಯ ಒತ್ತಡವೊಂದೇ ನೀರನ್ನು ಗಲ್ಲದ ಕೆಳಗೆ ತಡೆಯುತ್ತಿತ್ತು. ಪಂಪು ನಿಂತರೆ, ಗೂಟದ ಬುಡ ನೋಡಲೆಂದು ತುಸು ಹೆಚ್ಚು ಬಾಗಿದರೆ, ಮೂಗಿಗೇ ನೀರು. ಕೈಯಲ್ಲಿ ಪಿಕಾಸಿ, ಜೊತೆಗೆ ಚಿಟ್ಟೆ ಹಿಡಿಯುವ ಬಲೆ! ಸಿಕ್ಕ ಚೂರುಪಾರುಗಳನ್ನು ತುಂಬಿಕೊಳ್ಳಲು ಬೇರೇನು ತಾನೇ ಒಯ್ದಾನು? (ಪಂಪು ಒತ್ತಿದ ಫೊರೆಲ್‌ನ ಮಗನೇ ಮುಂದೆ ಸರೋವರ ವಿಜ್ಞಾನದ ಜನಕ ಎನಿಸಿಕೊಂಡ.)

ಸಾಹಸವೇನೋ ಆಯಿತು. ಕೆಸರಿನ ಸಮಸ್ಯೆ ಹಾಗೇ ಉಳಿಯಿತು. ಹೂಳಿಗೆ ಕೈ ಹಾಕಿದ ಕೂಡಲೇ ರಾಡಿ ಎದ್ದು, ಅಗೆದದ್ದೇ ಕಣ್ಣಿಗೆ ಕಾಣದು. ಬೆನ್ನಿಗೆ ಗಾಳಿ ಸಿಲಿಂಡರ್ ಬಂದ ಮೇಲೂ ಅದೇ ಪಾಡು. 1960ರ ದಶಕದಿಂದ ಜ್ಯೂರಿಕ್‌ನಲ್ಲಿ ಪುರಾತತ್ವಜ್ಞ ಉಲ್ರಿಖ್ ರುವೊಫ್ ತಂಡ ಇದಕ್ಕೆ ಸರಳ ಉಪಾಯ ಮಾಡಿತು: ತೂತು ಕೊರೆದ ಕೊಳವೆಯಿಂದ ನೀರು ಚಿಮ್ಮಿಸಿ, ರಾಡಿಯನ್ನು ಮುಳುಗುಗಾರನ ಮುಂದಿನಿಂದ ಆಚೆ ಸಾಗಿಸುವುದು. ಕೆಲಸಕ್ಕೆ ಆರಿಸಿಕೊಳ್ಳುವುದು ಚಳಿಗಾಲವನ್ನೇ. ಕೈ ಮರಗಟ್ಟಿದರೂ ಸರಿ, ಪಾಚಿ ಕಡಿಮೆಯಾಗಿ ನೀರು ತಿಳಿಯಾಗಿರುತ್ತದೆ.

ಆಮ್ಲಜನಕವಿಲ್ಲದ ಆ ಹೂಳಿನಲ್ಲಿ ಸಾವಿರಾರು ವರ್ಷದ ಮರ, ನೇಯ್ದ ಬಟ್ಟೆ, ಸೇಬಿನ ತುಂಡು ಕೂಡ ಕೊಳೆಯದೆ ಉಳಿದಿವೆ. ಗೂಟಗಳ ವಾರ್ಷಿಕ ಉಂಗುರಗಳ ವಿನ್ಯಾಸವನ್ನು ಹೋಲಿಸಿ ಎಷ್ಟೋ ಸಲ ಮರ ಕಡಿದ ವರ್ಷವನ್ನೇ ಹೇಳಬಹುದು. ಕೆಲ್ಲರ್ ಕಲ್ಪಿಸಿದ ಚಿತ್ರವೂ ಪೂರ್ತಿ ನಿಲ್ಲಲಿಲ್ಲ: ಅನೇಕ ಮನೆಗಳು ಇದ್ದದ್ದು ನೀರಿನ ನಡುವೆ ಅಲ್ಲ, ದಂಡೆಯ ಜೌಗು ನೆಲದಲ್ಲಿ, ಸರೋವರ ಆಮೇಲೆ ಅವುಗಳ ಮೇಲೆ ಏರಿತ್ತು.