ಉಸುಕಿಗೂ ಸಾಣಿಗಿ!

“ಉಸುಕಿಗೂ ಸಾಣಿಗಿ ಹಿಡೀತಾರೇನ?” ಅತ್ತೆಯವರು ನಕ್ಕುಬಿಟ್ಟರು. ಬೀಳಗಿ ತಾಲ್ಲೂಕಿನ ಬಾಡಗಂಡಿಯ ನಮ್ಮ ಮನೆಯಲ್ಲಿ ಜೋಳದ ಹಿಟ್ಟು ಸಾಣಿಸುತ್ತ ಕೂತಿದ್ದರು ಅವರು. ಸಮುದ್ರದಂಡೆ ಶುಚಿಮಾಡುವ ಯಂತ್ರದ ಸುದ್ದಿ ಹೇಳಿದವಳು ನಾನು.

“ಹೌದ್ರೀ ಅತ್ತಿ, ಟ್ರ್ಯಾಕ್ಟರಿಗೆ ಕಟ್ಟಿ ಹಿಡೀತಾರ” ಅಂದೆ.

ನಗುವ ಮಾತಲ್ಲ, ಸೋದರಿಯರೇ. ಹಿಮದ ಇಳಿಜಾರು ಹದಮಾಡುವ ವಾಹನಗಳಿಗೆ ಹೆಸರಾದ ಜರ್ಮನಿಯ ಕೇಸ್‌ಬೋರರ್ ಕಂಪನಿಯೇ ‘ಬೀಚ್‌ಟೆಕ್’ ಎಂಬ ಮರಳು ಶುಚಿಮಾಡುವ ಯಂತ್ರವನ್ನೂ ತಯಾರಿಸುತ್ತದೆ. ಅಮೆರಿಕದ ಬಾರ್ಬರ್ ಕಂಪನಿಯದು ‘ಸರ್ಫ್ ರೇಕ್’. ನಮ್ಮಲ್ಲಿ ಚೆನ್ನೈಯ ಮರೀನಾ ದಂಡೆಯಲ್ಲಿ ಇಂಥ ಯಂತ್ರಗಳನ್ನು ಬಳಸುತ್ತಾರೆ.

ಇವುಗಳ ಗುಟ್ಟು ನಮ್ಮ ಮನೆಯಲ್ಲೇ ಇದೆ: ಹಣಿಗೆ ಮತ್ತು ಸಾಣಿಗೆ! ಸುತ್ತುವ ಪಟ್ಟಿಗೆ ಸಾಲಾಗಿ ಜೋಡಿಸಿದ ಉಕ್ಕಿನ ಹಲ್ಲುಗಳು ಮರಳನ್ನು ಬಾಚಿ ಕಸವನ್ನು ಮೇಲೆತ್ತುತ್ತವೆ. ಒಣ ಮರಳಾದರೆ ಜರಡಿಯೂ ಉಂಟು. ಅದು ಅಲುಗಾಡಿದಂತೆ ಮರಳು ಕೆಳಗೆ, ಬಾಟಲಿಯ ಚೂರು, ಬೀಡಿಯ ತುಂಡು ಮೇಲೆ. ಹಸಿ ಹಿಟ್ಟು ಸಾಣಿಗೆಯ ಕಣ್ಣಿಗೆ ಮೆತ್ತಿಕೊಳ್ಳುವುದಿಲ್ಲವೆ? ಹಸಿ ಮರಳೂ ಹಾಗೆಯೇ. ಅಲ್ಲಿ ಹಣಿಗೆಯೇ ಮೇಲು.

ಆದರೆ ಯಂತ್ರಕ್ಕೆ ವಿವೇಕವಿಲ್ಲ. ಚಳಿಗಾಲದಲ್ಲಿ ಹೊನ್ನಾವರದ ಕಡಲತೀರಕ್ಕೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಗೂಡಿನ ಮೇಲೆ ಯಂತ್ರ ಹರಿದರೆ ಗತಿಯೇನು? ಅಂಥ ಕಡೆ ಕೈಯಿಂದಲೇ ಆಯಬೇಕು. 2020ರಲ್ಲಿ ಹೊನ್ನಾವರದ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ ದಂಡೆಗಳಿಗೆ ‘ನೀಲಿ ಬಾವುಟ’ದ ಮನ್ನಣೆ ಸಿಕ್ಕಿತು. ಸ್ವಚ್ಛ ನೀರು, ಸ್ವಚ್ಛ ದಂಡೆ, ಸುರಕ್ಷತೆ ಎಲ್ಲವನ್ನೂ ನೋಡಿ ಕೊಡುವ ಬಾವುಟ ಅದು. ಯಂತ್ರವೊಂದರಿಂದಲೇ ಬರುವಂಥದಲ್ಲ.

ನಮಗೆಲ್ಲಿಯ ಸಮುದ್ರ ಎನ್ನುವಿರಾ? ನಮಗೆ ಕೃಷ್ಣೆ ಇದ್ದಾಳೆ. ಆಲಮಟ್ಟಿಯ ಹಿನ್ನೀರು ಇಳಿದಾಗ ದಂಡೆಯಲ್ಲಿ ಕಾಣುವುದೇನು? ಬಿಟ್ಟ ಬಟ್ಟೆ, ಪ್ಲಾಸ್ಟಿಕ್ ಚೀಲ, ಒಡೆದ ಗಾಜು. ಸಂಕ್ರಾಂತಿಯ ಸ್ನಾನಕ್ಕೆ ಹೋದ ಅತ್ತೆಯವರ ಹಿಮ್ಮಡಿಗೆ ಗಾಜು ಹೊಕ್ಕು, ಹದಿನೈದು ದಿನ ನೆಲಕ್ಕೆ ಕಾಲೂರಲಾಗಲಿಲ್ಲ. ಆ ಕೆಸರು, ಕಲ್ಲುಗಳಲ್ಲಿ ಈ ಯಂತ್ರ ನಡೆಯದು. ನಡೆದರೂ ಎತ್ತಿದ ಕಸವನ್ನು ಬೇರ್ಪಡಿಸುವವರು ಕೊನೆಗೆ ಮನುಷ್ಯರೇ. ಈಗ ನಮ್ಮ ರಾಜ್ಯದ ಅನೇಕ ಪಂಚಾಯಿತಿಗಳಲ್ಲಿ ಕಸದ ‘ಸ್ವಚ್ಛ ವಾಹಿನಿ’ಯನ್ನು ಓಡಿಸುವವರೂ ಹೆಣ್ಣುಮಕ್ಕಳೇ. ಅವರ ಕೈಗೆ ಗಾಜು ಚುಚ್ಚದಂತೆ ಬೇರೆ ಕಟ್ಟಿಕೊಡುವುದು ನಮ್ಮ ಕೈಯಲ್ಲಿದೆ.

ಮುಂದಿನ ಸಂಕ್ರಾಂತಿಗೆ ನದಿಗೆ ಹೊರಟಾಗ ಬುತ್ತಿಯ ಜೊತೆ ಒಂದು ಖಾಲಿ ಚೀಲವಿರಲಿ. ಅತ್ತೆಯವರು ಹಿಟ್ಟಿನ ಕೈ ಝಾಡಿಸಿ ಅಂದರು: “ಚೆಲ್ಲೂದ ಬಿಟ್ರ ಸಾಣಿಸೂದ ಯಾಕ ಬೇಕವ್ವಾ?”