ಹೊಗೆ ಕಾಣದ ಸಿಗರೇಟು: ನಮ್ಮ ದೇಶದ ಕಾನೂನು ಏನೆನ್ನುತ್ತದೆ?



ಕೆಲವು ವಾರಗಳ ಹಿಂದೆ ತಾಯಿಯೊಬ್ಬರು ಇಗರ್ಜಿಯ ಕಚೇರಿಗೆ ಬಂದು ಸೆರಗಿನಲ್ಲಿ ಸುತ್ತಿಟ್ಟುಕೊಂಡಿದ್ದ ಒಂದು ವಸ್ತುವನ್ನು ನಮ್ಮ ಮೇಜಿನ ಮೇಲಿಟ್ಟರು. ಬೆರಳುದ್ದದ, ಬಣ್ಣ ಬಣ್ಣದ ಕೊಳವೆ. "ಫಾದರ್, ಮಗನ ಪುಸ್ತಕದ ಚೀಲದಲ್ಲಿ ಸಿಕ್ಕಿತು. ಪೆನ್ ಡ್ರೈವ್ ಅಂತ ಹೇಳಿದ. ಪೆನ್ ಡ್ರೈವಿಗೆ ಮಾವಿನಹಣ್ಣಿನ ಪರಿಮಳ ಯಾಕೆ ಫಾದರ್?" ಎಂದು ಕೇಳಿದರು. ಹುಡುಗ ಪ್ಲಸ್ ಟು ವಿದ್ಯಾರ್ಥಿ. ಗಲ್ಫಿನಿಂದ ರಜೆಗೆ ಬಂದ ನೆಂಟನೊಬ್ಬ ಕೊಟ್ಟದ್ದಂತೆ. ಆ ತಾಯಿಯ ಎರಡನೆಯ ಪ್ರಶ್ನೆ, "ಪೊಲೀಸರು ಇವನನ್ನು ಹಿಡಿಯುತ್ತಾರೆಯೇ?" ಎಂಬುದು. ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಡಲು ನಾವು ಕಾನೂನನ್ನು ಓದಬೇಕಾಯಿತು. ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ವಸ್ತು ಏನೆಂದು ತಿಳಿಯೋಣ. ಇದರೊಳಗೆ ಒಂದು ಬ್ಯಾಟರಿ, ಬಿಸಿಯಾಗುವ ಒಂದು ತಂತಿ ಸುರುಳಿ ಮತ್ತು ದ್ರವ ಇರುತ್ತವೆ. ದ್ರವವೆಂದರೆ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಹಣ್ಣಿನ ಪರಿಮಳ ಮತ್ತು ಬಹುತೇಕ ನಿಕೋಟಿನ್. ಬಾಯಲ್ಲಿಟ್ಟು ಎಳೆದಾಗ ತಂತಿ ಕಾದು ದ್ರವವು ನವಿರಾದ ಮಂಜಾಗಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಚೀನಾದ ಹೊನ್ ಲಿಕ್ ಎಂಬ ಔಷಧ ತಜ್ಞರು 2003ರ ಸುಮಾರಿಗೆ ಇದರ ಈಗಿನ ರೂಪವನ್ನು ಕಂಡುಹಿಡಿದರು. "ಬರೀ ನೀರಿನ ಆವಿ" ಎಂದು ಹುಡುಗರು ಹೇಳುತ್ತಾರೆ. ಅದು ನೀರಿನ ಆವಿಯಲ್ಲ. ಎಣ್ಮಕಜೆ, ಪಡ್ರೆ ಕಡೆಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ವರ್ಷಗಳನ್ನು ಕಂಡ ನಮ್ಮ ಜಿಲ್ಲೆಯವರಿಗೆ, ಮಂಜಿನಂತೆ ಬೀಳುವುದೆಲ್ಲ ನಿರಪಾಯವೆಂದು ಯಾರಾದರೂ ಹೇಳಿದರೆ ನಂಬುವುದು ಕಷ್ಟ.

ನಿಕೋಟಿನ್ ರೈತರಿಗೆ ಹೊಸತೇನಲ್ಲ. ತರಕಾರಿ ಗಿಡಗಳ ಹೇನಿಗೆ ಹೊಗೆಸೊಪ್ಪನ್ನು ನೆನೆಸಿ, ಸೋಸಿ, ಸಾಬೂನು ಬೆರೆಸಿ ಸಿಂಪಡಿಸಿದವರು ನಮ್ಮಲ್ಲಿ ಅನೇಕರಿದ್ದಾರೆ. ಹೇನನ್ನು ಕೊಲ್ಲುವುದು ಅದರಲ್ಲಿರುವ ನಿಕೋಟಿನ್ನೇ. ಇಂದು ಅಂಗಡಿಯಲ್ಲಿ ಸಿಗುವ ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕವೂ ನಿಕೋಟಿನ್ ಕೆಲಸ ಮಾಡುವ ರೀತಿಯನ್ನೇ ಅನುಸರಿಸಿ ತಯಾರಾದದ್ದು. ಹೊಗೆಸೊಪ್ಪಿನ ಹೊಲದಲ್ಲಿ ಒದ್ದೆ ಎಲೆ ಕೊಯ್ಯುವವರಿಗೆ ವಾಂತಿ, ತಲೆಸುತ್ತು ಬರುವುದುಂಟು. ವಿಷವು ಚರ್ಮದ ಮೂಲಕವೇ ಒಳಸೇರುತ್ತದೆ. ಆದುದರಿಂದ ಈ ಕೊಳವೆಗೆ ತುಂಬುವ ದ್ರವದ ಬಾಟಲಿಯು ಮನೆಯಲ್ಲಿದ್ದರೆ ಅದನ್ನು ಕೀಟನಾಶಕವೆಂದೇ ಎಣಿಸಬೇಕು. ಕೈಗೆ ಚೆಲ್ಲಿದರೆ ಸಾಬೂನು ಹಾಕಿ ಧಾರಾಳ ನೀರಿನಲ್ಲಿ ತೊಳೆಯಿರಿ. ಪುಟ್ಟ ಮಗು ಕುಡಿದರೆ ವಾಂತಿ ಮಾಡಿಸಲು ಹೋಗದೆ, ಬಾಟಲಿಯ ಸಮೇತ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ನು ಕಾನೂನು. ಕರ್ನಾಟಕ ಸರಕಾರವು 2016ರಲ್ಲೇ ತನ್ನ ರಾಜ್ಯದಲ್ಲಿ ಇದರ ಮಾರಾಟವನ್ನು ನಿಷೇಧಿಸಿತ್ತು. ಬೇರೆ ಕೆಲವು ರಾಜ್ಯಗಳೂ ಹಾಗೆಯೇ ಮಾಡಿದವು. ಆದರೆ ಒಂದು ರಾಜ್ಯ ತಡೆದರೆ ಇನ್ನೊಂದು ರಾಜ್ಯದಿಂದ ಅಂಚೆಯಲ್ಲಿ ಬರುತ್ತದೆ. ಗಡಿಯಲ್ಲಿ ಬಾಳುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ. 2019ರ ಮೇ ತಿಂಗಳಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಸಂಪೂರ್ಣ ನಿಷೇಧವೇ ಸರಿ ಎಂದು ಶಿಫಾರಸು ಮಾಡಿತು. ಅದೇ ವರ್ಷ ಸೆಪ್ಟೆಂಬರ್ 18ರಂದು ಕೇಂದ್ರ ಸರಕಾರ ಸುಗ್ರೀವಾಜ್ಞೆ ತಂದಿತು. ಡಿಸೆಂಬರಿನಲ್ಲಿ ಅದು ಸಂಸತ್ತಿನ ಕಾಯಿದೆಯಾಯಿತು. ಅದು ಇಡೀ ದೇಶಕ್ಕೆ ಅನ್ವಯ.

ಈ ಕಾಯಿದೆಯ ಬಲೆ ಅಗಲವಾದದ್ದು. ಒಂದು ಪದಾರ್ಥವನ್ನು ಬಿಸಿಮಾಡಿ ಸೇದಲು ಮಂಜು ಕೊಡುವ ಎಲ್ಲ ವಿದ್ಯುನ್ಮಾನ ಸಾಧನಗಳೂ ಅದರೊಳಗೆ ಬರುತ್ತವೆ. ಇ-ಹುಕ್ಕಾ ಬಂತು, ಹೊಗೆಸೊಪ್ಪನ್ನು ಸುಡದೆ ಕಾಯಿಸುವ ಯಂತ್ರವೂ ಬಂತು. "ಇದರಲ್ಲಿ ನಿಕೋಟಿನ್ ಇಲ್ಲ" ಎಂದರೂ ತಪ್ಪಿಸಿಕೊಳ್ಳುವಂತಿಲ್ಲ. ನಿಕೋಟಿನ್ ಇರಲಿ, ಇಲ್ಲದಿರಲಿ ಎಂದೇ ಕಾಯಿದೆ ಹೇಳುತ್ತದೆ. ತಯಾರಿಕೆ, ಆಮದು, ರಫ್ತು, ಸಾಗಾಟ, ಮಾರಾಟ, ವಿತರಣೆ, ಜಾಹೀರಾತು ಎಲ್ಲವೂ ಅಪರಾಧ. ಅಂಗಡಿಯಲ್ಲಿ ಮಾರಿದರೂ ಸರಿ, ಮೊಬೈಲಿನ ಮೂಲಕ ಮಾರಿದರೂ ಸರಿ. ಮಾದರಿಯೆಂದು ಪುಕ್ಕಟೆಯಾಗಿ ಹಂಚಿದರೂ ಅದು ವಿತರಣೆಯೇ. ಮೊದಲ ಸಲ ಸಿಕ್ಕಿಬಿದ್ದರೆ 1 ವರ್ಷದವರೆಗೆ ಸೆರೆಮನೆ, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ 3 ವರ್ಷದವರೆಗೆ ಸೆರೆಮನೆ ಮತ್ತು 5 ಲಕ್ಷದವರೆಗೆ ದಂಡ. ದಾಸ್ತಾನು ಇಡಲು ತಿಳಿದೂ ಜಾಗ ಬಿಟ್ಟುಕೊಟ್ಟವರಿಗೆ 6 ತಿಂಗಳವರೆಗೆ ಸೆರೆಮನೆ, 50 ಸಾವಿರದವರೆಗೆ ದಂಡ, ಅಥವಾ ಎರಡೂ. ಸಬ್ ಇನ್ಸ್‌ಪೆಕ್ಟರ್ ದರ್ಜೆಗೆ ಕಡಿಮೆಯಲ್ಲದ ಪೊಲೀಸ್ ಅಧಿಕಾರಿಗೆ ಶೋಧನೆ ನಡೆಸಿ ವಶಪಡಿಸಿಕೊಳ್ಳುವ ಅಧಿಕಾರವಿದೆ. ಅಂಗಡಿಯ ಹಿಂದಿನ ಕೋಣೆಯನ್ನೋ, ಅಡಿಕೆ ದಾಸ್ತಾನಿಡುವ ಚಾವಡಿಯನ್ನೋ ಪರಿಚಯದವರಿಗೆ ಬಾಡಿಗೆಗೆ ಕೊಡುವಾಗ ಪೆಟ್ಟಿಗೆಯೊಳಗೆ ಏನಿದೆಯೆಂದು ಕೇಳಲು ಸಂಕೋಚಪಡಬೇಡಿ.

ಹಾಗಾದರೆ ಸೇದುವುದು? ಆ ತಾಯಿಯ ಪ್ರಶ್ನೆ ಇರುವುದು ಇಲ್ಲೇ. ಕಾಯಿದೆಯ ಅಪರಾಧಗಳ ಪಟ್ಟಿಯಲ್ಲಿ "ಸೇದುವುದು" ಎಂಬ ಪದವಿಲ್ಲ. ಅದು ಹಿಡಿಯಲು ಹೊರಟದ್ದು ವ್ಯಾಪಾರವನ್ನು. ಆದರೆ ಇದನ್ನೇ ನೆಮ್ಮಿ ಕೂರುವಂತಿಲ್ಲ. ಯಾವ ರೂಪದಲ್ಲಿ, ಎಷ್ಟೇ ಪ್ರಮಾಣದಲ್ಲಿ ಇಟ್ಟುಕೊಂಡರೂ ಅದು ಕಾಯಿದೆಯ ಉಲ್ಲಂಘನೆ ಎಂದು ಕೇಂದ್ರ ಆರೋಗ್ಯ ಸಚಿವಾಲಯ 2023ರಲ್ಲಿ ಹೇಳಿತು. ಕಾಯಿದೆಯ ಅಕ್ಷರ ಅಷ್ಟು ದೂರ ಹೋಗುತ್ತದೆಯೇ ಎಂದು ವಕೀಲರು ವಾದಿಸಬಹುದು. ನಮ್ಮ ಮಗನ ಮೇಲೆ ಆ ವಾದವನ್ನು ಪರೀಕ್ಷಿಸಿ ನೋಡಲು ನಾವು ಬಯಸುತ್ತೇವೆಯೇ? ಇನ್ನೊಂದು ಮಾತು: ಹುಡುಗ ತನ್ನದನ್ನು ಗೆಳೆಯನಿಗೆ ಹಣ ತೆಗೆದುಕೊಂಡು ಕೊಟ್ಟನೆಂದರೆ, ಮೊತ್ತ ಎಷ್ಟೇ ಚಿಕ್ಕದಿರಲಿ, ಆ ಕ್ಷಣದಿಂದ ಅವನು ಮಾರಾಟಗಾರ.

ನಮ್ಮ ಮನೆಗಳಿಗೆ ಹೆಚ್ಚು ತಾಗುವುದು ಆಮದಿನ ಮಾತು. ಯು.ಎ.ಇ. ದೇಶದಲ್ಲಿ 2019ರಿಂದ ಇವುಗಳ ಮಾರಾಟಕ್ಕೆ ಕಾನೂನಿನ ಅನುಮತಿಯಿದೆ. ಅಲ್ಲಿ ಅಂಗಡಿಯಲ್ಲಿ ರಸೀದಿ ಸಹಿತ ಕೊಂಡದ್ದು ಇಲ್ಲಿ ವಿಮಾನದಿಂದ ಇಳಿಯುವಾಗ ನಿಷಿದ್ಧ ಸರಕಾಗುತ್ತದೆ. ಹೊರಗಿನಿಂದ ಭಾರತದೊಳಗೆ ತರುವುದೇ ಆಮದು. ಸ್ವಂತ ಉಪಯೋಗಕ್ಕೆ ಎಂಬ ರಿಯಾಯಿತಿಯನ್ನು ಕಾಯಿದೆ ಕೊಟ್ಟಿಲ್ಲ. ಅತ್ತರು, ಚಾಕಲೇಟುಗಳ ಜತೆ ಇದನ್ನೂ ತುಂಬಿಸಿ ತರುವ ಮಕ್ಕಳಿಗೆ, ಅಳಿಯಂದಿರಿಗೆ ಫೋನಿನಲ್ಲೇ ಮುಂಚಿತವಾಗಿ ಹೇಳಿಬಿಡುವುದು ಒಳ್ಳೆಯದು.

"ಬೀಡಿ, ಸಿಗರೇಟು ಮಾರಲು ಬಿಟ್ಟು ಇದನ್ನು ಮಾತ್ರ ಯಾಕೆ ನಿಷೇಧಿಸಿದ್ದು?" ಎಂದು ಯುವಕರು ಕೇಳುತ್ತಾರೆ. ಇದು ನ್ಯಾಯವಾದ ಪ್ರಶ್ನೆ. ಬೀಡಿ, ಸಿಗರೇಟುಗಳಿಗೆ 2003ರ ಕಾಯಿದೆಯಿದೆ: 18 ವರ್ಷಕ್ಕಿಂತ ಕೆಳಗಿನವರಿಗೆ ಮಾರಬಾರದು, ಶಾಲೆಯ 100 ಗಜದೊಳಗೆ ಮಾರಬಾರದು, ಸಾರ್ವಜನಿಕ ಸ್ಥಳದಲ್ಲಿ ಸೇದಬಾರದು ಎಂದಷ್ಟೇ ಅದು ನಿಯಂತ್ರಿಸುತ್ತದೆ. (ಸಾರ್ವಜನಿಕ ಧೂಮಪಾನದ ವಿರುದ್ಧ ನಮ್ಮ ಕೇರಳದ ಹೈಕೋರ್ಟು ಅದಕ್ಕೂ ಮೊದಲೇ, 1999ರಲ್ಲಿ, ತೀರ್ಪು ಕೊಟ್ಟಿತ್ತೆಂಬುದು ಹೆಮ್ಮೆಯ ವಿಷಯ.) ಹೊಗೆಸೊಪ್ಪನ್ನು ಬೆಳೆದು ಹೊಟ್ಟೆ ಹೊರೆಯುವ ರೈತರು ಹುಣಸೂರು, ಪಿರಿಯಾಪಟ್ಟಣಗಳಲ್ಲಿದ್ದಾರೆ, ನಮ್ಮ ಪಳ್ಳಿಕ್ಕರ, ಅಜಾನೂರು ಕಡೆಯ ಕರಾವಳಿಯಲ್ಲೂ ಹಿಂದೆ ಬೆಳೆಯುತ್ತಿದ್ದರು. ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರು ಎಷ್ಟೋ ಮಂದಿ. ಬೇರುಬಿಟ್ಟ ಮರವನ್ನು ಒಂದೇ ದಿನದಲ್ಲಿ ಕೀಳಲಾಗದು, ಹೊಸ ಸಸಿಯನ್ನಾದರೂ ನೆಡಗೊಡಬಾರದು ಎಂಬುದು ಸರಕಾರದ ವಾದ. ನಮಗೆ ಈ ವಾದ ಅರ್ಧ ಮಾತ್ರ ಒಪ್ಪಿಗೆ. ಎಲೆ ಅಡಿಕೆಯ ಜತೆ ಹೊಗೆಸೊಪ್ಪು ಜಗಿಯುತ್ತ ಮೊಮ್ಮಗನಿಗೆ ಬುದ್ಧಿ ಹೇಳುವ ಅಜ್ಜನ ಮಾತು ಎಷ್ಟು ನಾಟೀತು? ನಾವೂ ಚಿಕ್ಕಂದಿನಲ್ಲಿ ಅಜ್ಜನ ಬೀಡಿಯನ್ನು ಕದ್ದು ಸೇದಿ ಕೆಮ್ಮಿದವರೇ.

ಬೀಡಿ ಬಿಡಲು ಇದು ಸಹಾಯಕ ಎನ್ನುವವರಿದ್ದಾರೆ. ನಮ್ಮ ದೇಶದಲ್ಲಿ ಇದಕ್ಕೆ ಆ ಅನುಮತಿ ಇಲ್ಲ. ಔಷಧ ಕಾಯಿದೆಯಡಿ ಪರವಾನಿಗೆ ಪಡೆದ ನಿಕೋಟಿನ್ ಚ್ಯೂಯಿಂಗ್ ಗಮ್, ಪಟ್ಟಿಗಳು ನಿಷೇಧದಿಂದ ಹೊರಗಿವೆ. ಅವನ್ನು ವೈದ್ಯರನ್ನು ಕೇಳಿ ಉಪಯೋಗಿಸಬಹುದು. ಹೊಗೆಸೊಪ್ಪಿನ ಚಟ ಬಿಡಲು ಬಯಸುವವರಿಗೆ ಸರಕಾರದ ಉಚಿತ ದೂರವಾಣಿ 1800-11-2356 ಇದೆ.

ಆ ತಾಯಿಗೆ ನಾವು ಹೇಳಿದ್ದಿಷ್ಟು: ಹುಡುಗನನ್ನು ಹೊಡೆಯಬೇಡಿ, ಎಷ್ಟು ದಿನದಿಂದ ಸೇದುತ್ತಿದ್ದಾನೆ, ಬಿಟ್ಟರೆ ಸಿಡಿಮಿಡಿ, ತಲೆನೋವು ಆಗುತ್ತದೆಯೇ ಎಂದು ಕೇಳಿ, ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. ಹೊರಡುವಾಗ ಅವರು, "ಇದನ್ನು ಒಲೆಗೆ ಹಾಕಿಬಿಡಲೇ ಫಾದರ್?" ಎಂದರು. ಒಲೆಗೆ ಬೇಡ, ಒಳಗಿನ ಬ್ಯಾಟರಿ ಸಿಡಿಯುತ್ತದೆ. ಗೊಬ್ಬರದ ಗುಂಡಿಗೂ ಬೇಡ, ಆ ಗೊಬ್ಬರ ಮತ್ತೆ ಬಸಳೆಯ ಬುಡಕ್ಕೇ ಹೋಗುತ್ತದೆ. ಹಳೆಯ ಬ್ಯಾಟರಿ, ಮೊಬೈಲುಗಳಂತೆ ಇದೂ ಇ-ತ್ಯಾಜ್ಯ. ಅದನ್ನು ಸಂಗ್ರಹಿಸುವವರಿಗೆ ಬೇರೆಯಾಗಿ ಕಟ್ಟಿ ಕೊಡಬೇಕು.