ಲೆಂಟ್ ಕಾಲದ ಮದ್ಯವರ್ಜನೆ: ಗುಪ್ತ ಉಪವಾಸವೂ ಸಂಗಡಿಗರ ನೆರವೂ

ಬೂದಿ ಬುಧವಾರ ಸಮೀಪಿಸುತ್ತಿದ್ದಂತೆ ಸಭಾಪಾಲಕರನ್ನು ಕಾಣಲು ಬರುವ ಕೆಲವರ ಬಾಯಲ್ಲಿ ಇಂಥದೊಂದು ಮಾತು ಕೇಳಿಬರುವುದುಂಟು: "ಅಯ್ಯನವರೇ, ಈ ನಲವತ್ತು ದಿವಸ ಕುಡಿಯುವುದನ್ನು ಬಿಡಬೇಕೆಂದಿದ್ದೇನೆ. ನನಗಾಗಿ ಪ್ರಾರ್ಥನೆ ಮಾಡಿ. ಆದರೆ ಯಾರಿಗೂ ಹೇಳಬೇಡಿ." ಈ ಬೇಡಿಕೆಯ ಮೊದಲ ಭಾಗವನ್ನು ನಾವು ಸಂತೋಷದಿಂದ ಸ್ವೀಕರಿಸುತ್ತೇವೆ, ಕೊನೆಯ ಭಾಗವನ್ನು ಹೆಚ್ಚು ವಿಚಾರಿಸದೆ ಒಪ್ಪಿಕೊಳ್ಳುತ್ತೇವೆ. ಹಾಗೆ ಕೇಳುವವನು ಸತ್ಯವೇದದ ಆಧಾರವನ್ನೂ ಕೊಡಬಲ್ಲನು. ಉಪವಾಸವು ಜನರಿಗೆ ಕಾಣದೆ ತಂದೆಗೆ ಮಾತ್ರ ಕಾಣಬೇಕೆಂದು ಕರ್ತನೇ ಬೋಧಿಸಿರುವಾಗ (ಮತ್ತಾಯ 6:16–18), ಗೆಳೆಯರಿಗೆ ತಿಳಿಸಿ, ಅವರ ನೆರವನ್ನು ಬೇಡಿ ಆಚರಿಸುವ ವರ್ಜನೆಯು ಹೇಗೆ ಉಪವಾಸವಾದೀತು? ಪಾಲನಾ ಸೇವೆಯಲ್ಲಿ ಈ ಪ್ರಶ್ನೆಗೆ ನಾವು ಕೊಡುವ ಉತ್ತರದ ಮೇಲೆ ಒಂದು ಕುಟುಂಬದ ನೆಮ್ಮದಿ, ಕೆಲವೊಮ್ಮೆ ಒಂದು ಜೀವವೇ ನಿಂತಿರುತ್ತದೆ.

ಮತ್ತಾಯನ ವಾಕ್ಯಭಾಗವನ್ನು ಮೊದಲು ನೋಡೋಣ. ಅಲ್ಲಿ ಕಪಟಿಗಳು ಎಂಬುದಕ್ಕಿರುವ ಗ್ರೀಕ್ ಪದ 'ಹುಪೊಕ್ರಿತೈ'. ಮೂಲತಃ ಅದು ರಂಗದ ಮೇಲೆ ಪಾತ್ರ ವಹಿಸುವ ನಟರಿಗೆ ಸಲ್ಲುವ ಮಾತು. ಅವರು ಮುಖವನ್ನು ವಿಕಾರಮಾಡಿಕೊಳ್ಳುವುದು ನೋಡುವವರ ಮೆಚ್ಚುಗೆಗಾಗಿ. ಕರ್ತನು ಖಂಡಿಸುವುದು ಈ ಪ್ರದರ್ಶನವನ್ನು. ಉಪವಾಸದ ವಿಷಯ ಮತ್ತೊಬ್ಬನಿಗೆ ತಿಳಿದಿರುವುದನ್ನಲ್ಲ. ಕೋಣೆಯ ಬಾಗಿಲು ಮುಚ್ಚಿ ಪ್ರಾರ್ಥಿಸೆಂದ ಅದೇ ಅಧ್ಯಾಯದಲ್ಲಿ ಆತನು ಕಲಿಸಿದ ಪ್ರಾರ್ಥನೆಯು 'ನಮ್ಮ' ಎಂಬ ಬಹುವಚನದಿಂದಲೇ ಆರಂಭವಾಗುತ್ತದೆಂಬುದನ್ನು ಮರೆಯಬಾರದು. ಇನ್ನೊಂದು ಸಂಗತಿಯಿದೆ. ಬೂದಿ ಬುಧವಾರದ ಆರಾಧನೆಯಲ್ಲಿ ಮತ್ತಾಯ 6ರೊಡನೆ ಓದಲ್ಪಡುವ ಹಳೆಯ ಒಡಂಬಡಿಕೆಯ ಪಾಠ ಯೋವೇಲ 2. ಅಲ್ಲಿ ಪ್ರವಾದಿಯು ತುತೂರಿ ಊದಿಸಿ, ಮುದುಕರನ್ನೂ ಮೊಲೆಗೂಸುಗಳನ್ನೂ ಕೋಣೆಯೊಳಗಿನ ಮದುಮಕ್ಕಳನ್ನೂ ಕರೆತಂದು ಉಪವಾಸವನ್ನು ಸಾರುತ್ತಾನೆ. ಒಂದೇ ದಿನ, ಒಂದೇ ಪೀಠದಿಂದ ಈ ಎರಡು ಪಾಠಗಳನ್ನು ಓದಿಸುವ ಸಭೆಯು ಅವುಗಳಲ್ಲಿ ವಿರೋಧವನ್ನು ಕಂಡಿಲ್ಲ.

ತನ್ನ ಸದ್ಗುಣವನ್ನು ಜನರ ಮುಂದೆ ಇಡುವುದು ಬೇರೆ. ತನ್ನ ಬಲಹೀನತೆಯನ್ನು ಒಬ್ಬ ಸಹೋದರನ ಮುಂದೆ ಇಡುವುದು ಬೇರೆ. ಮೊದಲನೆಯದು ಮತ್ತಾಯ 6 ತಡೆಯುವ ಕಾರ್ಯ, ಎರಡನೆಯದು ಯಾಕೋಬ 5:16 ವಿಧಿಸುವ ಕಾರ್ಯ. ಮದ್ಯದ ವಿಷಯದಲ್ಲಿ ಈ ಭೇದ ಇನ್ನಷ್ಟು ಮುಖ್ಯವಾದುದು. ಏಕೆಂದರೆ ಚಟವು ಬೆಳೆಯುವುದೇ ಗುಟ್ಟಿನಲ್ಲಿ: ಬೀರುವಿನ ಹಿಂದಿನ ಬಾಟಲಿ, ಬೇರೆ ಊರಿನ ಅಂಗಡಿ, ಹೆಂಡತಿಗೆ ಹೇಳಿದ ಸುಳ್ಳು. ಕುಡಿತವನ್ನು ಗುಟ್ಟಾಗಿ ನಡೆಸಿದವನು ಬಿಡುವುದನ್ನೂ ಗುಟ್ಟಾಗಿಯೇ ನಡೆಸಿದರೆ, ಸೋತಾಗ ಆ ಸೋಲೂ ಗುಟ್ಟಾಗಿಯೇ ಉಳಿಯುತ್ತದೆ. ಆತನಿಗೆ ಬೇಕಾಗಿದ್ದುದೂ ಬಹುಶಃ ಅದೇ.

ಸಂಗಡಿಗರೊಡನೆ ಮಾಡಿದ ವರ್ಜನೆಗೆ ದಾನಿಯೇಲನ ಗ್ರಂಥದ ಮೊದಲ ಅಧ್ಯಾಯ ಸ್ಪಷ್ಟವಾದ ನಿದರ್ಶನ. ರಾಜನ ಭೋಜನದಿಂದಲೂ ದ್ರಾಕ್ಷಾರಸದಿಂದಲೂ ತನ್ನನ್ನು ಅಶುದ್ಧಮಾಡಿಕೊಳ್ಳಬಾರದೆಂಬ ನಿಶ್ಚಯ ದಾನಿಯೇಲನೊಬ್ಬನದು (1:8). ಆದರೆ ವಿಚಾರಕನ ಮುಂದೆ ಆತನು ಇಡುವ ಬಿನ್ನಹವು ನಾಲ್ವರ ಹೆಸರಿನಲ್ಲಿದೆ: ಹತ್ತು ದಿನ ನಮ್ಮನ್ನು ಪರೀಕ್ಷಿಸಿ ನೋಡು ಎಂದು (1:12). ಸಂಕಲ್ಪವನ್ನು ಒಬ್ಬನು ತನ್ನ ಹೃದಯದಲ್ಲಿ ಮಾಡಿದನು, ಅದನ್ನು ನಡೆಸಿದವರು ನಾಲ್ವರು, ಅವಧಿಯೂ ನಿರ್ದಿಷ್ಟವಾಗಿತ್ತು. ಆ ವರ್ಜನೆ ಅಡಿಗೆಯವರಿಂದ ಹಿಡಿದು ಅಧಿಕಾರಿಯವರೆಗೆ ಅನೇಕರಿಗೆ ತಿಳಿದಿತ್ತು. ತಿಳಿಯದೆ ಅದು ಸಾಧ್ಯವೇ ಇರಲಿಲ್ಲ. ಪರದೇಶದ ಅರಮನೆಯಲ್ಲಿ ಊಟದ ಮೇಜಿನ ಮುಂದೆ ಒಂಟಿಯಾಗಿ ಕುಳಿತ ಹುಡುಗನೊಬ್ಬನು ಎಷ್ಟು ದಿನ ನಿಂತಾನು ಎಂಬುದನ್ನು ಇಂದು ಮದುವೆಯ ಪಂಕ್ತಿಯಲ್ಲಿ ಕುಳಿತು ಊಹಿಸಿಕೊಳ್ಳಬಹುದು.

ಸಭೆಯ ಚರಿತ್ರೆಯೂ ಇದನ್ನೇ ಹೇಳುತ್ತದೆ. ಕ್ರಿ.ಶ. 387ರಲ್ಲಿ ಅಂತಿಯೋಕ್ಯ ಪಟ್ಟಣದಲ್ಲಿ ಹೊಸ ತೆರಿಗೆಯ ಕಾರಣ ದಂಗೆಯೆದ್ದು, ಜನರು ಚಕ್ರವರ್ತಿ ಥಿಯೊಡೋಸಿಯಸನ ಕುಟುಂಬದ ಪ್ರತಿಮೆಗಳನ್ನು ಕೆಡವಿದರು. ಶಿಕ್ಷೆಯ ಭಯದಿಂದ ಪಟ್ಟಣವೇ ನಡುಗುತ್ತಿದ್ದ ಆ ಲೆಂಟ್ ಕಾಲದಲ್ಲಿ, ಆಗ ಇನ್ನೂ ಹಿರಿಯನಾಗಿ ಸೇವೆಮಾಡುತ್ತಿದ್ದ ಯೋಹಾನ ಕ್ರಿಸೊಸ್ತೊಮನು ಪ್ರಸಂಗಗಳ ಮಾಲೆಯೊಂದನ್ನು ನಡೆಸಿದನು. 'ಪ್ರತಿಮೆಗಳ ಕುರಿತಾದ ಪ್ರಸಂಗಗಳು' ಎಂದು ಅವು ಪ್ರಸಿದ್ಧವಾಗಿವೆ. ಅವುಗಳಲ್ಲಿ ಮೊದಲನೆಯದು 1 ತಿಮೊಥೆ 5:23ನ್ನು, ಅಂದರೆ ತಿಮೊಥೆಯ ಹೊಟ್ಟೆಯ ಬಾಧೆಯನ್ನೂ ಸ್ವಲ್ಪ ದ್ರಾಕ್ಷಾರಸವನ್ನೂ ಕುರಿತದ್ದು. ದ್ರಾಕ್ಷಾರಸವು ದೇವರ ಸೃಷ್ಟಿ, ಕುಡಿಕತನವು ಮನುಷ್ಯನ ಅತಿರೇಕದ ಫಲ ಎಂಬುದು ಅಲ್ಲಿ ಆತನ ವಾದ. ಲೆಂಟಿನ ವರ್ಜನೆಯನ್ನು ಬೋಧಿಸುವವರು ಇದನ್ನು ನೆನಪಿಡಬೇಕು. ಕಾನಾ ಊರಿನ ಮದುವೆಯನ್ನು ಕುರಿತು ಸಂಕೋಚಪಡುವ ಮದ್ಯವಿರೋಧವು ಕ್ರೈಸ್ತಬೋಧೆಯಲ್ಲ. ಅದಕ್ಕಿಂತ ನಮಗೆ ಉಪಯುಕ್ತವಾದುದು ಅದೇ ಮಾಲೆಯಲ್ಲಿ ಆತನು ಮತ್ತೆ ಮತ್ತೆ ಎತ್ತುವ ಇನ್ನೊಂದು ವಿಷಯ, ಆಣೆಯಿಡುವ ಚಾಳಿ. ಹಳೆಯ ಅಭ್ಯಾಸವೊಂದನ್ನು ನಲವತ್ತು ದಿನಗಳೊಳಗೆ ಕೀಳುವುದು ಹೇಗೆಂಬ ಪ್ರಶ್ನೆಗೆ ಆತನು ಉಪದೇಶವೊಂದನ್ನೇ ನಂಬಲಿಲ್ಲ. ಮನೆಮಂದಿ ಒಬ್ಬರನ್ನೊಬ್ಬರು ಗಮನಿಸಿ ಎಚ್ಚರಿಸಬೇಕೆಂದು ಅತಿ ಲೌಕಿಕವಾದ ಉಪಾಯವನ್ನೇ ಸೂಚಿಸಿದನು. ಅಭ್ಯಾಸಗಳ ಸ್ವಭಾವವನ್ನು ಬಲ್ಲ ಬೋಧಕನ ಮಾತಿದು.

ಇದಾಗಿ ಸುಮಾರು ಒಂದೂವರೆ ಶತಮಾನದ ಮೇಲೆ ಇಟಲಿಯಲ್ಲಿ ಬೆನೆಡಿಕ್ಟನು ತನ್ನ ಸನ್ಯಾಸಿಗಳಿಗಾಗಿ ಬರೆದ ನಿಯಮಾವಳಿಯ 49ನೆಯ ಅಧ್ಯಾಯವು ಲೆಂಟ್ ಕಾಲಕ್ಕೆ ಮೀಸಲಾಗಿದೆ. ಪ್ರತಿಯೊಬ್ಬನೂ ತನ್ನ ಎಂದಿನ ಅಳತೆಯಿಂದ ಏನನ್ನಾದರೂ ಸ್ವಇಚ್ಛೆಯಿಂದ ಕಡಮೆಮಾಡಿ ದೇವರಿಗೆ ಅರ್ಪಿಸಲಿ ಎನ್ನುತ್ತಾನೆ: ಊಟ, ಪಾನೀಯ, ನಿದ್ರೆ, ಹರಟೆ, ಹಾಸ್ಯ. ಮುಂದಿನ ಷರತ್ತೇ ಮುಖ್ಯವಾದುದು. ತಾನು ಏನನ್ನು ಅರ್ಪಿಸಲಿದ್ದೇನೆಂಬುದನ್ನು ಆತನು ಮಠಾಧ್ಯಕ್ಷನಿಗೆ ತಿಳಿಸಿ, ಅವನ ಪ್ರಾರ್ಥನೆ ಮತ್ತು ಒಪ್ಪಿಗೆಯೊಡನೆ ನಡೆಸಬೇಕು. ತಿಳಿಸದೆ ಮಾಡಿದ್ದು ದುರಹಂಕಾರವೂ ಡಂಭವೂ ಎಂದು ಎಣಿಸಲ್ಪಡುತ್ತದೆ. ನಮ್ಮ ಸಾಮಾನ್ಯ ತಿಳಿವಳಿಕೆಗೆ ಇದು ತಲೆಕೆಳಗು. ಹೇಳಿಕೊಂಡರೆ ಡಂಭ ಎಂದು ನಾವು ಭಾವಿಸುತ್ತೇವೆ. ಹೇಳದೆ ಮಾಡಿದರೆ ಡಂಭ ಎಂದು ಬೆನೆಡಿಕ್ಟನು ಭಾವಿಸಿದನು. ಒಂಟಿಯಾಗಿ ವ್ರತ ಹಿಡಿದವನು ತನ್ನ ಬಲವನ್ನು ತಾನೇ ಅಳೆಯುತ್ತಾನೆ, ತನ್ನ ಜಯವನ್ನು ತಾನೇ ಘೋಷಿಸಿಕೊಳ್ಳುತ್ತಾನೆ ಎಂಬುದನ್ನು ಆತನು ಕಂಡುಕೊಂಡಿದ್ದಿರಬೇಕು. ಹೀಗೆಂದು ಬೆನೆಡಿಕ್ಟನು ಕಠೋರನಾಗಿರಲಿಲ್ಲ. 40ನೆಯ ಅಧ್ಯಾಯದಲ್ಲಿ, ದ್ರಾಕ್ಷಾರಸವು ಸನ್ಯಾಸಿಗಳಿಗೆ ತಕ್ಕುದಲ್ಲವೆಂದು ಓದಿದ್ದರೂ ತನ್ನ ಕಾಲದ ಸನ್ಯಾಸಿಗಳನ್ನು ಹಾಗೆ ಒಪ್ಪಿಸುವುದು ಅಸಾಧ್ಯವೆಂದು ನಸುನಗೆಯಿಂದಲೋ ಎಂಬಂತೆ ಒಪ್ಪಿಕೊಂಡು, ದಿನಕ್ಕೆ ಒಂದು 'ಹೆಮಿನಾ', ಹೆಚ್ಚುಕಡಮೆ ಕಾಲು ಲೀಟರು, ಸಾಕೆಂದು ವಿಧಿಸಿದನು.

ಈಗ ಇಂದಿನ ಪರಿಸ್ಥಿತಿಗೆ ಬರೋಣ. ಲೆಂಟಿನಲ್ಲಿ ಮದ್ಯ ಬಿಡಬೇಕೆಂದು ಬರುವವರೆಲ್ಲರೂ ಒಂದೇ ಸ್ಥಿತಿಯವರಲ್ಲ. ಹಬ್ಬಹುಣ್ಣಿಮೆಗೆ ಕುಡಿಯುವವನಿಗೆ ಇದು ನಿಜವಾದ ಅರ್ಥದಲ್ಲಿ ಉಪವಾಸ: ಒಳ್ಳೆಯದೊಂದನ್ನು ಇನ್ನೂ ಒಳ್ಳೆಯದಕ್ಕಾಗಿ ಕೆಲಕಾಲ ಬದಿಗಿಡುವುದು. ಪ್ರತಿದಿನವೂ ಕುಡಿಯಲೇಬೇಕಾದವನಿಗಾದರೋ ಇದು ರೋಗದೊಡನೆ ಹೋರಾಟ. ಬಹುಕಾಲದಿಂದ ದಿನವೂ ಅಧಿಕವಾಗಿ ಕುಡಿಯುವವನು ಬೂದಿ ಬುಧವಾರದ ಬೆಳಿಗ್ಗೆ ಥಟ್ಟನೆ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು, ವಾಂತಿ ಆರಂಭವಾಗಬಹುದು. ಮೊದಲ ಎರಡು ದಿನಗಳೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಸನ್ನಿ ಹಿಡಿದು, ಚಿಕಿತ್ಸೆಯಿಲ್ಲದಿದ್ದರೆ ಪ್ರಾಣಕ್ಕೇ ಅಪಾಯವಾಗಬಹುದು. ಅಂಥವನಿಗೆ ಪ್ರಾರ್ಥನೆಯೊಡನೆ ವೈದ್ಯನೂ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. ಜಿಲ್ಲಾ ಆಸ್ಪತ್ರೆಗಳ ಮನೋವೈದ್ಯರೂ ಈ ಕೆಲಸವನ್ನು ಬಲ್ಲರು. "ಬೆಳಿಗ್ಗೆ ಎದ್ದೊಡನೆ ಕುಡಿಯಬೇಕೆನಿಸುತ್ತದೆಯೇ? ಕುಡಿಯದಿದ್ದರೆ ಕೈ ನಡುಗುತ್ತದೆಯೇ?" ಎಂಬ ಎರಡು ಪ್ರಶ್ನೆಗಳನ್ನು ಕೇಳದೆ ಯಾವ ಸಭಾಪಾಲಕನೂ ಯಾರ ಲೆಂಟ್ ಸಂಕಲ್ಪವನ್ನೂ ಆಶೀರ್ವದಿಸಬಾರದೆಂದು ನನ್ನ ಅಭಿಪ್ರಾಯ. ಗುಟ್ಟಿನ ವಿರುದ್ಧ ಇದಕ್ಕಿಂತ ಬಲವಾದ ಕಾರಣ ಬೇರೆ ಬೇಕಿಲ್ಲ: ಯಾರಿಗೂ ತಿಳಿಸದೆ ಬಿಟ್ಟವನು ರಾತ್ರಿ ಫಿಟ್ಸ್ ಬಂದು ಬಿದ್ದರೆ, ಮನೆಯವರಿಗೆ ವೈದ್ಯನಿಗೆ ಏನು ಹೇಳಬೇಕೆಂದೇ ತಿಳಿಯದು.

ಹಾಗಾದರೆ ಸಂಗಡಿಗರು ಮಾಡಬೇಕಾದುದೇನು? ಉಪದೇಶವಂತೂ ಅಲ್ಲ. ಕುಡಿತಕ್ಕೆ ಒಂದು ಹೊತ್ತಿದೆ, ಒಂದು ದಾರಿಯಿದೆ, ಒಂದು ಕೂಟವಿದೆ. ಕೆಲಸ ಮುಗಿದ ಸಂಜೆ ಆರರಿಂದ ಒಂಬತ್ತರವರೆಗಿನ ಹೊತ್ತನ್ನು ತುಂಬುವವರು ಬೇಕು. ಬಾರಿನ ಮುಂದಿನ ದಾರಿಯನ್ನು ಬಿಟ್ಟು ಬೇರೆ ದಾರಿಯಲ್ಲಿ ಜೊತೆಗೆ ನಡೆಯುವವರು ಬೇಕು. ರೋಸ್ ಸಮಾರಂಭದಲ್ಲೋ ಗೃಹಪ್ರವೇಶದಲ್ಲೋ ಪಕ್ಕದಲ್ಲಿ ಕುಳಿತು ತಾವೂ ಪಾನಕವನ್ನೇ ಕುಡಿಯುವವರು ಬೇಕು. ಈ ಕೊನೆಯದು ರೋಮಾಪುರ 14:21ರ ನೇರವಾದ ಆಚರಣೆ. ಗೆಳೆಯನು ತಾನೂ ವರ್ಜಿಸಿದರೆ ಆತನ ಮಾತಿಗೆ ಬೆಲೆ. ಕೈಯಲ್ಲಿ ಲೋಟ ಹಿಡಿದು ಬುದ್ಧಿ ಹೇಳುವವನ ಮಾತಿಗೆ ಏನು ಬೆಲೆ? ಇಬ್ಬರು ಅಥವಾ ಮೂವರು ಸಾಕು (ಪ್ರಸಂಗಿ 4:9–12). ಇಡೀ ಸಭೆಗೆ ಪ್ರಕಟಿಸಿದರೆ ಮತ್ತಾಯ 6ರ ಎಚ್ಚರಿಕೆ ಮರಳಿ ಅನ್ವಯಿಸತೊಡಗುತ್ತದೆ. ಗಲಾತ್ಯ 6ರಲ್ಲಿ ಪೌಲನು ಒಬ್ಬರ ಭಾರವನ್ನು ಒಬ್ಬರು ಹೊತ್ತುಕೊಳ್ಳಿರೆಂದು ಎರಡನೆಯ ವಚನದಲ್ಲಿ ಹೇಳಿ, ಪ್ರತಿಯೊಬ್ಬನೂ ತನ್ನ ಹೊರೆಯನ್ನು ತಾನೇ ಹೊರಬೇಕೆಂದು ಐದನೆಯದರಲ್ಲಿ ಹೇಳುತ್ತಾನೆ. ಗ್ರೀಕಿನಲ್ಲಿ ಎರಡೂ ಬೇರೆ ಪದಗಳು. ಬಿಡುವ ನಿಶ್ಚಯ ಅವನ ಹೊರೆ. ಸಂಜೆಯ ಹೊತ್ತು ಎಲ್ಲರ ಭಾರ.

ಕರಾವಳಿಯ ಪ್ರೊಟೆಸ್ಟೆಂಟ್ ಸಭೆಗಳಿಗೆ ಇದು ಹೊಸ ಪಾಠವಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಮೂಲಕ ಕ್ರೈಸ್ತರಾದವರಲ್ಲಿ ಅನೇಕರು ಕಳ್ಳಿಳಿಸುವ ಕಸುಬಿನ ಬಿಲ್ಲವ ಮನೆತನಗಳವರು. ಅಂಥವರಿಗೆ ಹಳೆಯ ಜೀವನವನ್ನು ಬಿಡುವುದೆಂದರೆ ಬಂಧುಗಳನ್ನೂ ಅನ್ನವನ್ನೂ ಕಳೆದುಕೊಳ್ಳುವುದಾಗಿತ್ತು. ನೇಯ್ಗೆಯ ಮಗ್ಗಗಳು, 1865ರಲ್ಲಿ ಆರಂಭವಾದ ಹೆಂಚಿನ ಕಾರ್ಖಾನೆ, ಒಟ್ಟಿಗೆ ವಾಸಿಸುವ ನೆರೆಹೊರೆ, ಇವೆಲ್ಲ ಅವರ ಸಂಕಲ್ಪಕ್ಕೆ ಆಸರೆಯಾದವು. ಆ ವ್ಯವಸ್ಥೆಯಲ್ಲಿದ್ದ ಒಡೆತನದ ಧೋರಣೆಯನ್ನು ಟೀಕಿಸಬಹುದು, ಟೀಕಿಸಬೇಕು. ಆದರೂ ಬಿಡು ಎಂದವರು ಬಿಟ್ಟವನ ಮರುದಿನದ ಬಗ್ಗೆಯೂ ಯೋಚಿಸಿದ್ದರು.

1935ರ ಮೇ ತಿಂಗಳಲ್ಲಿ ಅಮೆರಿಕದ ಅಕ್ರನ್ ಪಟ್ಟಣದ ಹೋಟೆಲೊಂದರಲ್ಲಿ, ಕೆಲವೇ ತಿಂಗಳ ಹಿಂದೆ ಕುಡಿತ ಬಿಟ್ಟಿದ್ದ ಬಿಲ್ ವಿಲ್ಸನ್ ಎಂಬ ವ್ಯಾಪಾರಿ ಬಾರಿಗೆ ಹೋಗುವ ಆಸೆಯನ್ನು ತಡೆಯಲಾರದೆ, ಗೋಡೆಯ ಮೇಲಿದ್ದ ಚರ್ಚುಗಳ ಪಟ್ಟಿಯನ್ನು ನೋಡಿ ಒಬ್ಬ ಪಾದ್ರಿಗೆ ಫೋನ್ ಮಾಡಿದನು. ಅವರ ಮೂಲಕ ಆತನಿಗೆ ದೊರೆತವನು ಇನ್ನೂ ಕುಡಿಯುತ್ತಿದ್ದ ಶಸ್ತ್ರವೈದ್ಯ ಬಾಬ್ ಸ್ಮಿತ್. ಹದಿನೈದು ನಿಮಿಷಕ್ಕೆ ಒಪ್ಪಿ ಬಂದ ಸ್ಮಿತ್ ಗಂಟೆಗಟ್ಟಲೆ ಮಾತನಾಡುತ್ತ ಕುಳಿತನು. 'ಆಲ್ಕೊಹಾಲಿಕ್ಸ್ ಅನಾನಿಮಸ್' ಹುಟ್ಟಿದ್ದು ಹೀಗೆ. ಹೆಸರು ಹೊರಗೆ ತಿಳಿಯಬಾರದು, ಆದರೆ ಒಳಗೆ ಒಬ್ಬನೇ ಇರಬಾರದು ಎಂಬ ಅವರ ಕ್ರಮವು ಮತ್ತಾಯನನ್ನೂ ಯಾಕೋಬನನ್ನೂ ಒಟ್ಟಿಗೆ ಪಾಲಿಸುವ ಒಂದು ರೀತಿಯೇ ಆಗಿದೆ.

ಗೆಳೆಯರು ಸೋಲುವುದುಂಟು. ಲೆಂಟ್ ಕಾಲವು ಕರ್ತನು ಒಂಟಿಯಾಗಿ ಕಳೆದ ಅಡವಿಯ ನಲವತ್ತು ದಿನಗಳಿಂದ ಆರಂಭವಾದರೂ, ಮುಗಿಯುವ ವಾರದಲ್ಲಿ ನಾವು ಗೆತ್ಸೇಮನೆಗೆ ಬರುತ್ತೇವೆ. ಅಲ್ಲಿ ಆತನೇ ಮೂವರನ್ನು ಕರೆದು, ತನ್ನ ಸಂಗಡ ಎಚ್ಚರವಾಗಿರಬೇಕೆಂದು ಬೇಡಿಕೊಂಡನು (ಮತ್ತಾಯ 26:38). ದೇವಕುಮಾರನು ಬೇಡಿದ್ದನ್ನು ಬೇಡಲು ನಮ್ಮ ಸಭೆಯ ಗಂಡಸರು ನಾಚಿಕೊಳ್ಳುತ್ತಾರೆ. ಆ ಮೂವರು ನಿದ್ರೆಹೋದರು. ಆತನು ಮೂರು ಸಾರಿ ಬಂದು ನೋಡಿದನು, ಹೊರಡುವಾಗ ಅವರನ್ನೇ ಎಬ್ಬಿಸಿ ಜೊತೆಗೆ ಕರೆದನು. ಮೂರನೆಯ ವಾರದಲ್ಲಿ ಜಾರಿಬಿದ್ದವನಿಗೂ, ಅಂದು ಸಂಜೆ ಫೋನ್ ಎತ್ತದೆ ಹೋದ ಗೆಳೆಯನಿಗೂ ಈ ವಾಕ್ಯಭಾಗವನ್ನು ಒಟ್ಟಿಗೆ ಓದಿಸಬಹುದು.

ಕೆಲವು ಬಿಡಿ ವಿಷಯಗಳು ಉಳಿದಿವೆ. ಬೂದಿ ಬುಧವಾರದಿಂದ ಈಸ್ಟರಿನ ಹಿಂದಿನ ಶನಿವಾರದವರೆಗೆ 46 ದಿನಗಳು; ಆರು ಭಾನುವಾರಗಳು ಪುನರುತ್ಥಾನದ ಸ್ಮರಣೆಯಾದುದರಿಂದ ಉಪವಾಸದ ಲೆಕ್ಕಕ್ಕೆ ಸೇರುವುದಿಲ್ಲ. ಸಿಹಿ ಬಿಟ್ಟವನು ಭಾನುವಾರ ತಿನ್ನಲಿ, ಬಾಧಕವಿಲ್ಲ. ಮದ್ಯದ ವಿಷಯದಲ್ಲಿ ಈ ವಿನಾಯಿತಿಯನ್ನು ನಾನು ಸಲಹೆಮಾಡಲಾರೆ. ಮತ್ತೆ, ಪೂರ್ತಿ ಬಿಟ್ಟವನು ಶುಭಶುಕ್ರವಾರದ ಹಿಂದಿನ ಸಂಜೆ ಪಾತ್ರೆಯ ದ್ರಾಕ್ಷಾರಸವನ್ನು ಎದುರಿಸುತ್ತಾನೆ. ಹುಳಿಯಿಲ್ಲದ ದ್ರಾಕ್ಷಿಯ ರಸವನ್ನು ಬಳಸುವ ಪದ್ಧತಿ, 1869ರಲ್ಲಿ ಅಮೆರಿಕದ ಮೆಥೋಡಿಸ್ಟನಾದ ಥಾಮಸ್ ವೆಲ್ಚ್ ಅದನ್ನು ಕೆಡದಂತೆ ಇಡುವ ಕ್ರಮ ಕಂಡುಕೊಂಡಂದಿನಿಂದ, ಅನೇಕ ಪ್ರೊಟೆಸ್ಟೆಂಟ್ ಸಭೆಗಳಲ್ಲಿದೆ. ಇಲ್ಲದ ಕಡೆ ರೊಟ್ಟಿಯನ್ನು ಮಾತ್ರ ಸ್ವೀಕರಿಸಿದವನಿಗೂ ಕ್ರಿಸ್ತನು ಪೂರ್ಣವಾಗಿ ದೊರೆಯುತ್ತಾನೆಂದು ಮೊದಲೇ ಖಾಸಗಿಯಾಗಿ ತಿಳಿಸುವುದು ಒಳ್ಳೆಯದು. ಈಸ್ಟರಿನ ಮಧ್ಯಾಹ್ನದ ಊಟ ಎಲ್ಲಕ್ಕಿಂತ ಕಠಿಣ. "ನಲವತ್ತು ದಿನ ಬಿಟ್ಟೆನಲ್ಲ, ನನಗೆ ಚಟವಿಲ್ಲ" ಎಂಬ ಮಾತು ಅಂದು ಕೇಳಿಬರುತ್ತದೆ. ಅದು ನಿಜವೋ ಅಲ್ಲವೋ ಎಂಬುದು ಮುಂದಿನ ಐವತ್ತು ದಿನಗಳಲ್ಲಿ, ಪಂಚಾಶತ್ತಮದ ಹಬ್ಬದೊಳಗೆ, ತಿಳಿಯುತ್ತದೆ. ಸಂಗಡಿಗರ ಕೆಲಸವನ್ನು ಆ ಹಬ್ಬದವರೆಗೂ ನಿಗದಿಮಾಡಿಕೊಳ್ಳುವುದು ಮೇಲು.

ಕೊನೆಯದಾಗಿ ನಮ್ಮನ್ನೇ ಕುರಿತು. ಬೆನೆಡಿಕ್ಟನ ಸನ್ಯಾಸಿಗಳು ಮಠಾಧ್ಯಕ್ಷನಿಗೆ ಹೇಳುತ್ತಾರೆ. ಮಠಾಧ್ಯಕ್ಷನು ಯಾರಿಗೆ ಹೇಳಬೇಕೆಂಬುದನ್ನು ಆ ಅಧ್ಯಾಯ ತಿಳಿಸುವುದಿಲ್ಲ. ಸಭಾಪಾಲಕರಲ್ಲಿಯೂ ಕುಡಿಯುವವರಿದ್ದಾರೆ, ವರ್ಗಾವಣೆಯಿಂದ ವರ್ಗಾವಣೆಗೆ ಸಾಗುವ ಜೀವನದಲ್ಲಿ, ಸಭೆಯವರಿಗೆ ಹೇಳಲಾಗದೆ, ಮೇಲಿನವರಿಗೆ ಹೇಳಲು ಅಂಜಿ, ಹೊರಗೆ ಗೌರವ, ಒಳಗೆ ಬಾಟಲಿ ಎಂಬಂತೆ ಬಾಳುವವರ ಸ್ಥಿತಿ ಉಳಿದವರದಕ್ಕಿಂತ ಒಂಟಿಯಾದುದು. ಅಂಥವರಿಗೆ ಬೇರೆ ಊರಿನಲ್ಲಿರುವ ಸಹಪಾಠಿಯೇ ತಕ್ಕ ಸಂಗಡಿಗನು. ಈ ಮಾತನ್ನು ಓದುವ ವಿದ್ಯಾರ್ಥಿಗಳು ತಮ್ಮ ವಸತಿಗೃಹದಲ್ಲಿಯೇ ಇಬ್ಬರು ಮೂವರಾಗಿ ಬರುವ ಲೆಂಟ್ ಕಾಲದಲ್ಲಿ ಏನಾದರೊಂದನ್ನು, ಮದ್ಯವೇ ಆಗಬೇಕೆಂದಿಲ್ಲ, ಒಬ್ಬರಿಗೊಬ್ಬರು ತಿಳಿಸಿ ಬಿಟ್ಟು ನೋಡಬಹುದು. ಇಪ್ಪತ್ತು ವರ್ಷಗಳ ಮೇಲೆ ಯಾರಾದರೊಬ್ಬನು ದೂರದ ಸಭೆಯ ಮನೆಯಲ್ಲಿ ಸಂಜೆ ಆರಕ್ಕೆ ಫೋನನ್ನು ಕೈಗೆತ್ತಿಕೊಂಡಾಗ, ಕರೆಯಲು ಒಂದು ಹೆಸರಿರುತ್ತದೆ.